ತೊಡೆಸಂದಿನ ಗಂಟು: ಹರ್ನಿಯಾ ಬಗ್ಗೆ ನಾಚದೆ ತಿಳಿಯೋಣ



ಸಂಘದ ಸಭೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ರಕ್ತಹೀನತೆ ಎಲ್ಲದರ ಬಗ್ಗೆ ನಾವು ಬಾಯಿಬಿಟ್ಟು ಮಾತಾಡುತ್ತೇವೆ. ತೊಡೆ ಮತ್ತು ಹೊಟ್ಟೆ ಸೇರುವ ಜಾಗದ ಕಾಯಿಲೆ ಎಂದ ಕೂಡಲೇ ಮಾತ್ರ ಎಲ್ಲರೂ ನೆಲ ನೋಡುತ್ತೇವೆ. ಈ ನಾಚಿಕೆಯಿಂದಲೇ ಕೈಮೀರಿ ಹೋಗುವ ಕಾಯಿಲೆ ಹರ್ನಿಯಾ. ಊರಲ್ಲಿ ಇದಕ್ಕೆ 'ಕರುಳು ಇಳಿದಿದೆ' ಅಂತಾರೆ, ಕೆಲವರು 'ಅಂಡವಾಯು' ಅಂತಾರೆ. ಹೆಸರಲ್ಲಿ ವಾಯು ಇದ್ದರೂ ಗ್ಯಾಸಿಗೂ ಇದಕ್ಕೂ ಸಂಬಂಧ ಇಲ್ಲ.

ನಮ್ಮ ಹೊಟ್ಟೆಯ ಮುಂದೆ ಮಾಂಸಖಂಡದ ಒಂದು ಗೋಡೆ ಇದೆ. ಹಳೆಯ ಅಕ್ಕಿ ಚೀಲದ ಹೊಲಿಗೆ ಸಡಿಲಾದ ಕಡೆ ಚೀಲ ಉಬ್ಬುತ್ತದಲ್ಲ, ಹಾಗೆ ಈ ಗೋಡೆ ದುರ್ಬಲವಾದ ಕಡೆ ಒಳಗಿನ ಕೊಬ್ಬು ಅಥವಾ ಕರುಳು ಹೊರಗೆ ಉಬ್ಬುತ್ತದೆ. ನಿಂತಾಗ, ಕೆಮ್ಮಿದಾಗ, ಬುಟ್ಟಿ ಎತ್ತಿದಾಗ ಗಂಟು ಕಾಣುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಗಂಡುಮಗುವಿನ ಬೀಜಗಳು ಹುಟ್ಟುವ ಮೊದಲು ಹೊಟ್ಟೆಯಿಂದ ಕೆಳಗೆ ಇಳಿಯುವ ದಾರಿ ಇದೇ ಜಾಗದಲ್ಲಿರುವುದರಿಂದ ಗಂಡಸರಿಗೆ ಇದು ಹೆಚ್ಚು. ಇಂಗ್ಲೆಂಡಿನ ಒಂದು ಲೆಕ್ಕದ ಪ್ರಕಾರ ನೂರು ಗಂಡಸರಲ್ಲಿ ಸುಮಾರು 27 ಮಂದಿಗೆ, ನೂರು ಹೆಂಗಸರಲ್ಲಿ 3 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದರ ಆಪರೇಷನ್ ಆಗುತ್ತದೆ.

ಭಾರ ಎತ್ತಿದ್ದಕ್ಕೇ ಬಂತು ಅನ್ನುವುದು ಪೂರ್ತಿ ಸರಿಯಲ್ಲ. ದುರ್ಬಲತೆ ಮೊದಲೇ ಇರುತ್ತದೆ, ಒತ್ತಡ ಬಿದ್ದಾಗ ಹೊರಗೆ ಕಾಣುತ್ತದೆ. ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವವರು, ಬೇಲೆಕೇರಿಯಲ್ಲಿ ಮೀನಿನ ಬುಟ್ಟಿ ಹೊರುವವರು, ಅಂಕೋಲೆಯ ಪೇಟೆಗೆ ತರಕಾರಿ ಹೊತ್ತು ತರುವ ಹಾಲಕ್ಕಿ ಅಕ್ಕಂದಿರು, ಇವರೆಲ್ಲರ ಹೊಟ್ಟೆಗೆ ದಿನವೂ ಒತ್ತಡ ಇದ್ದೇ ಇದೆ. ಬೀಡಿ ಸೇದುವವರ ಹಳೆ ಕೆಮ್ಮು, ಮಲಬದ್ಧತೆ, ವಯಸ್ಸಾದ ಗಂಡಸರು ಮೂತ್ರಕ್ಕೆ ತಿಣುಕುವುದು ಕೂಡ ಅಷ್ಟೇ ಕಾರಣ. ಇವನ್ನು ಸರಿಮಾಡದೆ ಆಪರೇಷನ್ ಮಾಡಿಸಿದರೆ ಗಂಟು ಮತ್ತೆ ಬರುವ ಸಂಭವ ಹೆಚ್ಚು.

ಕರಾವಳಿಯವರಾದ ನಾವು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಉತ್ತರ ಕನ್ನಡ ಆನೆಕಾಲು ರೋಗ ಕಂಡುಬಂದ ಜಿಲ್ಲೆ. ಆ ರೋಗದಿಂದ ಗಂಡಸರ ಬೀಜಚೀಲದಲ್ಲಿ ನೀರು ತುಂಬಿಯೂ ಊದಿಕೊಳ್ಳುತ್ತದೆ. ಅದು ಬೇರೆ, ಇದು ಬೇರೆ. ಮನೆಯಲ್ಲಿ ಕೂತು ತೀರ್ಮಾನ ಮಾಡುವುದು ಬೇಡ, ಡಾಕ್ಟರಿಗೆ ತೋರಿಸಿಯೇ ತಿಳಿಯಬೇಕು.

ಹೆಂಗಸರಿಗೆ ಕಮ್ಮಿ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ತೊಡೆಸಂದಿನ ಗೆರೆಗಿಂತ ಸ್ವಲ್ಪ ಕೆಳಗೆ, ರಕ್ತನಾಳ ತೊಡೆಗೆ ಇಳಿಯುವ ಕಿರಿದಾದ ಸಂದಿಯಲ್ಲಿ ಬರುವ ಹರ್ನಿಯಾ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಅಡಿಕೆಯಷ್ಟೇ ಗಾತ್ರ ಇರಬಹುದು, ನೋವೂ ಇರಲಿಕ್ಕಿಲ್ಲ. ಆದರೆ ಬಾಯಿ ಕಿರಿದಾದ್ದರಿಂದ ಕರುಳು ಅಲ್ಲಿ ಬೇಗ ಸಿಕ್ಕಿಬೀಳುತ್ತದೆ. ಮೀನು ಮಾರುವ ಒಬ್ಬ ಅಕ್ಕನಿಗೆ ಹೀಗೇ ಆಯಿತು. ಗಂಟನ್ನು 'ಕಾಲಿಗೆ ಗಾಯವಾಗಿದ್ದಕ್ಕೆ ಗಳಲೆ ಕಟ್ಟಿದೆ' ಎಂದುಕೊಂಡು ಎರಡು ವರ್ಷ ಸೀರೆಯೊಳಗೇ ಇಟ್ಟುಕೊಂಡರು. ಒಂದು ಮಳೆಗಾಲದಲ್ಲಿ ವಾಂತಿ ಶುರುವಾಯಿತು. ಪಿತ್ತ ಎಂದು ಸೋಡಾ ಕುಡಿದರು, ಎರಡು ದಿನ ಇಂಜೆಕ್ಷನ್ ತಗೊಂಡರು. ಅವರೂ ಹೇಳಲಿಲ್ಲ, ಯಾರೂ ಹೊಟ್ಟೆಯ ಕೆಳಗೆ ನೋಡಲೂ ಇಲ್ಲ. ಕೊನೆಗೆ ಆಪರೇಷನ್ ಟೇಬಲ್ ಮೇಲೆ ಕೊಳೆತ ಒಂದು ತುಂಡು ಕರುಳನ್ನೇ ತೆಗೆಯಬೇಕಾಯಿತು. ಬದುಕಿದರು, ಪುಣ್ಯ. ವಾಂತಿ ನಿಲ್ಲದೆ ಹೊಟ್ಟೆ ಉಬ್ಬಿದ್ದರೆ, ಗಂಟು ಇರುವುದನ್ನು ನೀವಾಗಿಯೇ ಡಾಕ್ಟರಿಗೆ ಹೇಳಿ. ಹೆಣ್ಣು ಡಾಕ್ಟರ್ ಇಲ್ಲದಿದ್ದರೆ ನರ್ಸ್ ಪಕ್ಕದಲ್ಲಿರಲಿ ಎಂದು ಕೇಳಿ, ಕೇಳಲು ನಿಮಗೆ ಹಕ್ಕಿದೆ.

ಅಪಾಯದ ಗುರುತುಗಳನ್ನು ಮನೆಯವರಿಗೆಲ್ಲ ಹೇಳಿಡಿ: ಒಳಗೆ ಹೋಗುತ್ತಿದ್ದ ಗಂಟು ಹೋಗದೆ ಗಟ್ಟಿಯಾಯಿತು, ಮುಟ್ಟಿದರೆ ನೋವು, ಮೇಲಿನ ಚರ್ಮ ಕೆಂಪು, ವಾಂತಿ, ಗಾಳಿ ಮಲ ಎರಡೂ ಬಂದ್. ಕರುಳಿಗೆ ರಕ್ತ ನಿಂತುಹೋದರೆ ಕೆಲವೇ ತಾಸಿನಲ್ಲಿ ಅದು ಕೊಳೆಯುತ್ತದೆ. ಆಗ ಎಣ್ಣೆ ಹಚ್ಚಿ ತಿಕ್ಕಬೇಡಿ, ಒತ್ತಿ ಒಳಗೆ ತಳ್ಳಬೇಡಿ, ಬಿಸಿ ಶಾಖ ಬೇಡ, ಭೇದಿ ಔಷಧ ಬೇಡವೇ ಬೇಡ. ಊಟ ನೀರು ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬಾರದು.

ಇನ್ನು ಚಿಕಿತ್ಸೆ. ಗುಳಿಗೆ, ಕಷಾಯ, ಪಟ್ಟಿ, ಯಾವುದರಿಂದಲೂ ಗೋಡೆಯ ತೂತು ಮುಚ್ಚುವುದಿಲ್ಲ. ಬೆಲ್ಟ್ ಗಂಟನ್ನು ಸ್ವಲ್ಪ ಕಾಲ ಒಳಗೆ ಹಿಡಿದಿಡಬಹುದು, ಅದೂ ಡಾಕ್ಟರ್ ಹೇಳಿದರೆ ಮಾತ್ರ. ಗಂಟು ಹೊರಗಿರುವಾಗ ಅದರ ಮೇಲೆಯೇ ಬಿಗಿಯುವುದು ಅಪಾಯ. ಗಂಡಸರಿಗೆ ನೋವೇ ಇಲ್ಲದ ಸಣ್ಣ ಗಂಟಾದರೆ ಸ್ವಲ್ಪ ಕಾಲ ನೋಡೋಣ ಎಂದು ಡಾಕ್ಟರ್ ಹೇಳುವುದುಂಟು. ಹೆಂಗಸರಿಗೆ ಹಾಗೆ ಕಾಯಲು ಹೇಳುವುದಿಲ್ಲ. ಮಕ್ಕಳ ಹೊಕ್ಕುಳಿನ ಉಬ್ಬು ಸಾಮಾನ್ಯವಾಗಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚುತ್ತದೆ, ಅದಕ್ಕೆ ನಾಣ್ಯ ಕಟ್ಟುವುದು ಬೇಡ. ತೊಡೆಸಂದಿನ ಉಬ್ಬು ಮಾತ್ರ ತಾನಾಗಿ ಮುಚ್ಚದು. ಶಿಶುವಾದರೆ ಬೇಗ ತೋರಿಸಬೇಕು.

ಈಗಿನ ಆಪರೇಷನ್ ನಮಗೆ ಅರ್ಥವಾಗುವಂಥದ್ದೇ. ಹಿಂದೆ ಮಾಂಸಖಂಡವನ್ನೇ ಎಳೆದು ಹೊಲಿಯುತ್ತಿದ್ದರು. 1980ರ ದಶಕದಲ್ಲಿ ಅಮೆರಿಕದ ಡಾ. ಲಿಕ್ಟನ್‌ಸ್ಟೈನ್ ಎಳೆಯುವ ಬದಲು ತೂತಿನ ಮೇಲೆ ಸಣ್ಣ ಕಣ್ಣಿನ ಬಲೆ ಹಾಕುವ ಪದ್ಧತಿಯನ್ನು ಬೆಳೆಸಿದರು. ಮಾಂಸ ಆ ಬಲೆಯ ಕಣ್ಣುಗಳೊಳಗೆ ಬೆಳೆದು ಗಟ್ಟಿಯಾಗುತ್ತದೆ. ಬಲೆ ಹರಿದರೆ ತೇಪೆ ಹಾಕುವ ನಮ್ಮ ಮೀನುಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ! ಆ ಬಲೆ ಬಡವರಿಗೆ ದುಬಾರಿ ಎಂದು ಮಹಾರಾಷ್ಟ್ರದ ದೊಂಡಾಯಿಚಾ ಊರಿನ ಡಾ. ರವೀಂದ್ರನಾಥ ತೊಂಗಾಂವ್‌ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧಗೊಳಿಸಿ ಬಳಸಿ, 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 2016ರಲ್ಲಿ ಉಗಾಂಡಾ ದೇಶದಲ್ಲಿ ನಡೆದ ಪರೀಕ್ಷೆಯ ವರದಿ ಬಂತು. ಒಂದು ವರ್ಷದ ನಂತರ ನೋಡಿದರೆ ಅಗ್ಗದ ಬಲೆಗೂ ದುಬಾರಿ ಬಲೆಗೂ ವ್ಯತ್ಯಾಸ ಕಾಣಲಿಲ್ಲ.

'ಆಪರೇಷನ್ ಆದರೆ ಗಂಡಸುತನ ಹೋಗುತ್ತದೆ' ಎನ್ನುವ ಹೆದರಿಕೆ ಬಹಳ ಮನೆಗಳಲ್ಲಿದೆ. ಇದು ಸಂತಾನಹರಣ ಆಪರೇಷನ್ ಅಲ್ಲ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಎದ್ದು ಓಡಾಡಬಹುದು, ಹಗುರ ಕೆಲಸ ಒಂದೆರಡು ವಾರದಲ್ಲಿ. ಭಾರದ ಕೆಲಸಕ್ಕೆ ನಾಲ್ಕರಿಂದ ಆರು ವಾರ ತಡೆಯಬೇಕು. ಕೆಲವರಿಗೆ ಸ್ವಲ್ಪ ನೋವು ಬಹಳ ದಿನ ಉಳಿಯುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಖರ್ಚಿನ ವಿಷಯಕ್ಕೆ ಬರೋಣ, ಏಕೆಂದರೆ ಮುಂದೂಡಲು ಹೇಳುವ ಮೊದಲ ಕಾರಣ ಇದೇ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಅಂಕೋಲಾ ತಾಲ್ಲೂಕು ಆಸ್ಪತ್ರೆ ಅಥವಾ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದೇ ಮುಂದೆ ಹೋಗಿ. ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಬಿಲ್ಲು ನಿಮ್ಮ ತಲೆಗೇ ಬರಬಹುದು.

ಯೋಜನೆ ಕೊಡದಿರುವುದು ಕೂಲಿ. ಆರು ವಾರ ದೋಣಿ ಹತ್ತದ, ಬುಟ್ಟಿ ಹೊರದ ಮನೆಗೆ ಅಕ್ಕಿ ಎಲ್ಲಿಂದ? ಇಲ್ಲಿ ಸಂಘ ಬೇಕು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಹೇಗೂ ಮೀನುಗಾರಿಕೆ ನಿಷೇಧ. ಆಪರೇಷನ್ನನ್ನು ಆ ಸಮಯಕ್ಕೆ ಇಟ್ಟುಕೊಂಡರೆ ದುಡಿಮೆ ನಷ್ಟ ಕಡಿಮೆ. ಅದಕ್ಕಾಗಿ ಮಾರ್ಚ್ ತಿಂಗಳ ಸಭೆಯಲ್ಲೇ ಸಾಲದ ಅರ್ಜಿ ಕೊಡಿ, ಕಂತನ್ನು ಆಗಸ್ಟಿನ ನಂತರ ಶುರುಮಾಡಲು ಠರಾವು ಬರೆಯಿಸಿ. ಠರಾವಿನಲ್ಲಿ ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ, 'ವೈದ್ಯಕೀಯ ಕಾರಣ' ಎಂದರೆ ಸಾಕು.