ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಮಕ್ಕಳಿಗೆ ಹವ್ಯಾಸದ ಕಿವಿಮಾತು

‘ನಾಲ್ಕು ಮಂದಿ ಕೂತಲ್ಲಿ ನನಗೆ ಮಾತೇ ಹುಟ್ಟೋದಿಲ್ಲ ಮುತ್ಯಾ, ಏನಾದರೂ ಹೊಸ ಹವ್ಯಾಸ ಹೇಳು’ ಎಂದು ಮೊಮ್ಮಕ್ಕಳ ವಯಸ್ಸಿನವರು ಕೇಳುತ್ತಾರೆ. ಬೆಂಗಳೂರಾದರೆ ಗಿಟಾರ್ ಕ್ಲಾಸು, ನಾಟಕ ಎಲ್ಲ ಇರುತ್ತಿತ್ತು, ಇಲ್ಲೇನಿದೆ ಎಂಬ ಕೊರಗು ಬೇರೆ. ಕೇಳು ತಮ್ಮಾ, ನೀನೂ ಕೇಳವ್ವಾ. ಮಾತು ಬಲ್ಲವರು ಎಂದು ನಾವು ಕರೆಯುವವರೆಲ್ಲ ಮೊದಲು ಹತ್ತು ಜನರನ್ನು ಕೇಳಿ ತಿಳಿದವರು. ಹಾಗೆ ಕೇಳಲು ಕಾರಣ ಕೊಡುವ ಹವ್ಯಾಸ ಹಿಡಿಯಿರಿ. ಅಂಥವು ನಮ್ಮ ಮೂರು ಊರಿನ ಸುತ್ತ ಬೇಕಾದಷ್ಟಿವೆ.

• ಮಸ್ಕಿಯಿಂದ ಶುರುಮಾಡು. 1915ರಲ್ಲಿ ಬೀಡನ್ ಎಂಬ ಬಂಗಾರದ ಗಣಿಯ ಎಂಜಿನಿಯರ್ ಕಣ್ಣಿಗೆ ಇಲ್ಲಿಯ ಬಂಡೆಬರಹ ಬಿತ್ತು. ಅಲ್ಲಿಯತನಕ ದೇಶದಲ್ಲಿ ಸಿಕ್ಕಿದ್ದ ಶಾಸನಗಳು ದೊರೆಯನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆಯುತ್ತಿದ್ದವು. ಅಶೋಕ ಎಂಬ ಹೆಸರನ್ನೇ ಹೇಳಿದ್ದು ನಮ್ಮ ಮಸ್ಕಿಯ ಬಂಡೆ. ಬೀಡನ್ ಕಸುಬು ಬಂಗಾರದ್ದು, ಆದರೂ ಕಲ್ಲಿನ ಮುಂದೆ ನಿಂತು ನೋಡಿದ. ನೀನು ಬ್ರಾಹ್ಮಿ ಲಿಪಿ ಕಲಿ. ಸುಲಭದ ಅಕ್ಷರಗಳಿಂದ ಹಿಡಿ: ‘ಕ’ ಎಂದರೆ ಲೆಕ್ಕದಲ್ಲಿ ಕೂಡುವ ಗುರುತು, ‘ಠ’ ಒಂದು ಸೊನ್ನೆ, ‘ರ’ ನೆಟ್ಟಗೆ ನಿಂತ ಗೆರೆ, ‘ಗ’ ಮೇಲೆ ಕೂಡಿ ಕೆಳಗೆ ಅಗಲಿದ ಎರಡು ಗೆರೆ. ಪುಸ್ತಕದಲ್ಲಿ ಶಾಸನದ ಅಚ್ಚುಪಡಿ ನೋಡಿ ರೂಢಿ ಮಾಡಿಕೊಂಡು, ಆಮೇಲೆ ಬಂಡೆಯ ಹತ್ತಿರ ಹೋಗು. ಭಾಷೆ ಪ್ರಾಕೃತವಾದ್ದರಿಂದ ಮೊದಲ ಸಾಲಿನಲ್ಲಿ ‘ಅಸೋಕಸ’ ಎಂದಿದೆ, ಅದರಲ್ಲಿ ಆ ಕೂಡುವ ಗುರುತನ್ನು ಹುಡುಕು. ಸೀಮೆಸುಣ್ಣ ಹಚ್ಚುವುದು, ನೀರು ಸುರಿಯುವುದು ಮಾತ್ರ ಬೇಡ. ಮನೆಗೆ ಬೀಗರು ಬಂದಾಗ ನೀನೇ ಕರೆದುಕೊಂಡು ಹೋಗಿ ಓದಿ ತೋರಿಸು.

• ನನಗೆ ಎಲ್ಲಕ್ಕಿಂತ ಪ್ರೀತಿಯದು ಹಾಡು ಕೂಡಿಡುವುದು. ಪ್ರಾಣೇಶದಾಸರು ಲಿಂಗಸೂಗೂರಿನವರು, ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು, ಹರಿಕಥಾಮೃತಸಾರ ಬರೆದ ಜಗನ್ನಾಥದಾಸರೂ ಮಾನ್ವಿಯವರೇ. ತತ್ವಪದ ಹಾಡುವ ಭಜನಾ ಮಂಡಳಿಗಳು ಇನ್ನೂ ಹಳ್ಳಿಗಳಲ್ಲಿವೆ. ಮುದಗಲ್ಲಿನ ಮೊಹರಂಗೆ ಹಿಂದೂ ಮುಸಲ್ಮಾನರೆಲ್ಲ ಸೇರುತ್ತಾರೆ. ಈ ಸೀಮೆಯ ಅಲಾಯಿ ಕುಣಿತಕ್ಕೆ ಹೊಂದುವ ರಿವಾಯತ್ ಪದಗಳು ಕನ್ನಡದಲ್ಲೇ ಇವೆ. ಬಹಳಷ್ಟು ಪದಗಳು ಹಾಡುವವರ ಬಾಯಲ್ಲಷ್ಟೇ ಉಳಿದಿವೆ, ಅವರಿಗೂ ವಯಸ್ಸಾಯಿತು. ಅದಕ್ಕೇ ಅವಸರಪಡಿಸುತ್ತೇನೆ.

ಹೇಗೆ ಮಾಡಬೇಕು ಅಂದರೆ, ಮೊದಲ ದಿನ ಫೋನು ತೆಗೆಯಬೇಡ, ಹಿಂದೆ ಕೂತು ತಾಳ ಹಾಕು. ಪರಿಚಯವಾದ ಮೇಲೆ ಅಪ್ಪಣೆ ಕೇಳಿ ರೆಕಾರ್ಡ್ ಮಾಡು. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಎಲ್ಲ ಬರೆದುಕೋ. ಮನೆಯಲ್ಲಿ ಒಂದೊಂದೇ ನುಡಿ ಕೇಳುತ್ತ ನೋಟ್‌ಬುಕ್ಕಿಗೆ ಇಳಿಸಿ, ತಿರುಗಿ ಹೋಗಿ ಅವರ ಮುಂದೆ ಓದು. ‘ಹಂಗಲ್ಲ, ಹಿಂಗೆ’ ಎಂದು ತಿದ್ದುತ್ತಾರೆ. ಆ ತಿದ್ದುವಾಗಲೇ ಗುರುವಿನ ಕಥೆ, ಊರಿನ ಕಥೆ ಎಲ್ಲ ಹೊರಬರುತ್ತವೆ. ಅವರು ಒಪ್ಪದೆ ಯಾವುದನ್ನೂ ಸ್ಟೇಟಸ್ಸಿಗೆ ಹಾಕಬೇಡ.

• ಪಕ್ಕದ ಮನೆಯವರ ಭಾಷೆ ಕಲಿ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಈಗಿನ ಬಾಂಗ್ಲಾದೇಶದಿಂದ ನಿರಾಶ್ರಿತರಾಗಿ ಬಂದವರು 1970ರ ದಶಕದಲ್ಲಿ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದರು. ತೆಲುಗು, ಬಂಗಾಳಿ ಎರಡೂ ಸಂತೆಯಲ್ಲೇ ಕಿವಿಗೆ ಬೀಳುತ್ತವೆ. ಆರ್.ಎಚ್. ಕ್ಯಾಂಪಿನ ದುರ್ಗಾಪೂಜೆಗೆ ಹೋಗು, ‘ಕೇಮನ್ ಆಛೇನ್’ ಎಂದು ಕುಶಲ ಕೇಳಿ ನೋಡು, ಕುರ್ಚಿ ಹಾಕಿ ಕೂಡಿಸುತ್ತಾರೆ.

• ಉರ್ದು ಲಿಪಿಯೂ ಉಪಯೋಗದ್ದೇ. ರಾಯಚೂರು ಸೀಮೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಹೊಲದ ಕಾಗದ ನಿಮ್ಮ ಮನೆಯ ಟ್ರಂಕಿನಲ್ಲೂ ಇದ್ದೀತು. ಓದಲು ಕಲಿಸುವ ಹಿರಿಯರು ಊರಲ್ಲೇ ಸಿಗುತ್ತಾರೆ.

• ಚಳಿಗಾಲದಲ್ಲಿ ಹಕ್ಕಿ ನೋಡು. ಕಾಲುವೆ, ಭತ್ತದ ಗದ್ದೆಯಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಮಿಂಚುಳ್ಳಿ ಇದ್ದೇ ಇವೆ. ಎರೆಹೊಲದ ಜೋಳ ಹಾಲುಗಾಳು ಹಿಡಿಯುವಾಗ ಕರೀ ತಲೆ, ಗುಲಾಬಿ ಮೈಯ ಕಬ್ಬಕ್ಕಿಗಳು ಹಿಂಡುಗಟ್ಟಿ ಇಳಿಯುತ್ತವೆ, ಮಧ್ಯ ಏಷ್ಯಾದ ಕಡೆಯಿಂದ ಬಂದವು. ಕಾಳೂ ತಿನ್ನುತ್ತವೆ, ಹುಳವನ್ನೂ ತಿನ್ನುತ್ತವೆ. ಅವುಗಳ ಮೇಲೆ ರೈತನಿಗೆ ಸಿಟ್ಟೋ ಪ್ರೀತಿಯೋ, ಅವನನ್ನೇ ಕೇಳು. ತಾರೀಖು, ಜಾಗ, ಅಂದಾಜು ಎಷ್ಟು ಎಂಬುದನ್ನು ಬರೆದಿಡು.

• ಕೌದಿ ಹೊಲಿ. ಹಳೇ ಸೀರೆ, ಸೂಜಿ, ದಾರ ಸಾಕು. ಗಂಡುಹುಡುಗರೂ ಹೊಲಿಯಬಹುದು, ಅಡ್ಡಿಯೇನಿಲ್ಲ. ಅಜ್ಜಿಯ ಎದುರು ಕೂತು ಹೊಲಿದರೆ ಪ್ರತಿ ತುಂಡು ಯಾರ ಸೀರೆಯದೆಂದು ಆಕೆಯೇ ಹೇಳುತ್ತಾಳೆ.

• ಒಂದನ್ನೇ ಹಿಡಿ, ಒಂದು ಹಂಗಾಮು ಪೂರ್ತಿ ಬಿಡಬೇಡ. ಹಿಡಿಸದಿದ್ದರೆ ಆಮೇಲೆ ಬೇರೆ ನೋಡು, ತಪ್ಪೇನಲ್ಲ. ಸಾಲ ಮಾಡಿ ಕ್ಯಾಮೆರಾ, ದುರ್ಬೀನು ಕೊಳ್ಳಬೇಡ. ಇದರಿಂದ ಎಷ್ಟು ದುಡ್ಡು ಬರುತ್ತದೆ ಎಂದು ಕೇಳುವವರಿಗೆ ಉತ್ತರ ಕೊಡುತ್ತ ಕೂರಬೇಡ. ಕಲಿತದ್ದನ್ನೆಲ್ಲ ಒಂದೇ ಸಲ ಬೇರೆಯವರ ಮೇಲೆ ಸುರಿಯಲೂಬೇಡ. ಎದುರಿನವರಿಗೆ ಏನು ಗೊತ್ತು ಎಂದು ಮೊದಲು ಕೇಳು.

• ಜೊತೆಗೊಬ್ಬರನ್ನು ಕರೆದುಕೋ. ಮಸ್ಕಿ ಇರುವುದು ಸಿಂಧನೂರು–ಲಿಂಗಸೂಗೂರು ದಾರಿಯಲ್ಲೇ, ಬಸ್ಸಿಗೆ ತೊಂದರೆಯಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಖರ್ಚೂ ಇಲ್ಲ, ಆಧಾರ್ ಮರೆಯಬೇಡಿ ಅಷ್ಟೇ. ಮುದಗಲ್ಲಿನ ಕೋಟೆ ನೋಡಿದ ಮೇಲೆ ಪಿಕಳಿಹಾಳಕ್ಕೂ ಹೋಗಿ. 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆದು ನೋಡಿದ ನವಶಿಲಾಯುಗದ ನೆಲೆ ಅದು. ಬಂಡೆಗಳ ಮೇಲೆ ಎತ್ತುಗಳ ಚಿತ್ರಗಳಿವೆ. ದನ ಕಾಯುವವರನ್ನು ಕೇಳಿದರೆ ಜಾಗ ತೋರಿಸುತ್ತಾರೆ. ಬೇಸಿಗೆಯಲ್ಲಿ ಹೋಗಬೇಡಿ, ಬಂಡೆ ಕಾದು ಕಾಲಿಡಲಾಗದು. ದೀಪಾವಳಿ ಕಳೆದ ಮೇಲೆ, ನಸುಕಿನಲ್ಲೇ ಹೊರಡಿ, ನೀರು ಒಯ್ಯಿರಿ, ರೊಟ್ಟಿಬುತ್ತಿ ನಾಲ್ಕು ಜನಕ್ಕಾಗುವಷ್ಟು ಕಟ್ಟಿಕೊಳ್ಳಿ, ದಾರಿ ತೋರಿಸಿದವರೂ ಉಣ್ಣಲಿ.