ನೆಲದ ಶಾಖವೋ, ಗಾಳಿಯ ಶಾಖವೋ?

ಬಾಸ್ಟನ್ ಬಳಿಯ ನಮ್ಮ ಮನೆಯ ಎಣ್ಣೆ ಬಾಯ್ಲರ್‌ಗೆ ವಯಸ್ಸಾಗಿತ್ತು. ಎರಡು ಕೊಟೇಶನ್ ತರಿಸಿದೆ. ಹೊರಗಿನ ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್‌ಗೆ 22,000 ಡಾಲರ್. ಅಂಗಳದಲ್ಲಿ ಬೋರ್ ಕೊರೆದು ನೆಲದಿಂದ ಶಾಖ ತರುವ ಜಿಯೋಥರ್ಮಲ್‌ಗೆ 48,000. ನೆಲದ ಶಾಖ ಪುಕ್ಕಟೆ ಎಂದು ಹಲವರು ನಂಬಿದ್ದಾರೆ. ಅದನ್ನು ಮೇಲೆ ತರುವುದೂ ಕರೆಂಟೇ.

ನೆಲದ ವ್ಯವಸ್ಥೆಯ ಗುಣ ಮಾತ್ರ ನಿಜ. ಜನವರಿಯ ರಾತ್ರಿ ಹೊರಗೆ ಮೈನಸ್ 15 ಡಿಗ್ರಿ ಇದ್ದರೂ ಕೆಲವು ನೂರು ಅಡಿ ಆಳದಲ್ಲಿ ಸುಮಾರು 10–12 ಡಿಗ್ರಿ ಇರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್‌ನಷ್ಟು ಶಾಖ ಸಿಗಬಹುದು. ಗಾಳಿಯ ಪಂಪ್ ಚಳಿ ಏರಿದಂತೆ ದಣಿಯುತ್ತದೆ. ಚಳಿಗಾಲದ ಸರಾಸರಿ ಎರಡೂ ಮುಕ್ಕಾಲು ಎಂದು ಹಿಡಿದೆ.

ನಮ್ಮ ಮನೆಗೆ ವರ್ಷಕ್ಕೆ ಸುಮಾರು 20,000 ಯೂನಿಟ್ ಶಾಖ ಬೇಕು. ಅದಕ್ಕೆ ಜಿಯೋಥರ್ಮಲ್ 5,000 ಯೂನಿಟ್ ಕರೆಂಟ್ ನುಂಗಿದರೆ ಗಾಳಿಯ ಪಂಪ್ 7,270. ಯೂನಿಟ್‌ಗೆ 30 ಸೆಂಟ್‌ನಂತೆ ವರ್ಷದ ವ್ಯತ್ಯಾಸ 680 ಡಾಲರ್. ಹೆಚ್ಚುವರಿ 26,000 ಮರಳಲು 38 ವರ್ಷ! 2025ರ ಕೊನೆಯವರೆಗೆ ಕೇಂದ್ರ ಸರ್ಕಾರ ಜಿಯೋಥರ್ಮಲ್ ವೆಚ್ಚದ ಶೇ. 30ರಷ್ಟನ್ನು ತೆರಿಗೆಯಲ್ಲಿ ಬಿಡುತ್ತಿತ್ತು, ಗಾಳಿಯ ಪಂಪ್‌ಗೆ ಗರಿಷ್ಠ 2,000 ಡಾಲರ್. ಆಗ ಇದೇ ಲೆಕ್ಕ 20 ವರ್ಷಕ್ಕೆ ಇಳಿಯುತ್ತಿತ್ತು. ಈಗ ಎರಡೂ ಇಲ್ಲ. ರಾಜ್ಯದ ಸಬ್ಸಿಡಿ ಬದಲಾಗುತ್ತಿರುತ್ತದೆ, ಸಹಿ ಹಾಕುವ ದಿನದ ದರವನ್ನೇ ನೋಡಬೇಕು.

ನೆಲದೊಳಗಿನ ಕೊಳವೆ 50 ವರ್ಷ ಬಾಳುತ್ತದೆ, ಗಾಳಿಯ ಪಂಪ್ ಸುಮಾರು 15. ಇದು ಜಿಯೋಥರ್ಮಲ್ ಪರವಾದ ಗಟ್ಟಿ ವಾದ. ಆದರೆ ಮಕ್ಕಳು ಕಾಲೇಜಿಗೆ ಹೋದ ಮೇಲೆ ಈ ಮನೆಯಲ್ಲಿ ಇರುತ್ತೇವೆಯೇ ಎಂದೇ ನಾವು ನಿರ್ಧರಿಸಿಲ್ಲ. ಮುಂದಿನ ಮಾಲೀಕರು ಬೋರ್‌ಗೆ ಪೂರ್ತಿ ಬೆಲೆ ಕಟ್ಟುತ್ತಾರೆ ಎಂದು ನಂಬಿ ಸಾಲ ಮಾಡುವ ಧೈರ್ಯ ನನಗಿಲ್ಲ. ಗಾಳಿಯ ಪಂಪನ್ನೇ ಆರಿಸಿದೆ. ಉಳಿದ ಹಣದಲ್ಲಿ ಸ್ವಲ್ಪವನ್ನು ಅಟ್ಟದ ಇನ್ಸುಲೇಷನ್‌ಗೆ ಹಾಕಿದೆ. ಶಾಖ ಸೋರುವ ಮನೆಗೆ ಯಾವ ಯಂತ್ರ ತಂದರೂ ಬಿಲ್ ಇಳಿಯದು.

ಹಾಗೆಂದು ಬೋರ್ ಕೊರೆಯುವುದೇ ದಂಡವಲ್ಲ; ಒಂಟಿ ಮನೆಗೆ ಅದು ಭಾರ, ಅಷ್ಟೆ. ಹತ್ತಿರದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 2024ರಲ್ಲಿ ಎವರ್‌ಸೋರ್ಸ್ ಎಂಬ ಅನಿಲ ಕಂಪನಿಯೇ ಮೂವತ್ತಕ್ಕೂ ಹೆಚ್ಚು ಕಟ್ಟಡಗಳಿಗೆ ಒಂದೇ ನೆಲ-ಕೊಳವೆ ಜಾಲ ಹಾಕಿತು. ಕೊರೆತದ ವೆಚ್ಚ ಒಬ್ಬರ ತಲೆಗೆ ಬೀಳಲಿಲ್ಲ. ನಮ್ಮ ಬೀದಿಯ ಹಳೆಯ ಅನಿಲ ಕೊಳವೆಯನ್ನು ಬದಲಿಸುವ ಮುನ್ನ ಇಂಥದ್ದೊಂದನ್ನು ಪರಿಶೀಲಿಸಿ ಎಂದು ಊರ ಸಭೆಯಲ್ಲಿ ಕೇಳುತ್ತಿದ್ದೇನೆ.