ಮಾರಮ್ಮನ ಜಾತ್ರೆಯ ಕರ್ಣ

ಮಧುಗಿರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ‘ಸಂಸ್ಕಾರ’ದ ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ ದಾರಿ ತಪ್ಪಿತು, ಮಾತಾಡುತ್ತಿರುವವರು ಯಾರೆಂದೇ ತಿಳಿಯಲಿಲ್ಲ ಎಂದಿದ್ದೀಯ. ಮತ್ಸ್ಯಗಂಧಿ, ಶಕುಂತಲೆ ಎಲ್ಲ ಓದಿಕೊಂಡವರಿಗಷ್ಟೇ ಈ ಪುಸ್ತಕ, ಪಾವಗಡದಲ್ಲಿ ಮನೆತುಂಬ ತೆಲುಗು ಕೇಳಿ ಬೆಳೆದ ನನಗೆ ದಕ್ಕುವುದಿಲ್ಲ ತಾತ ಎಂದೂ ಬರೆದಿದ್ದೀಯ. ಆ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ.

ದಕ್ಕುತ್ತದೆ ಕಂದ. ನಿನಗಾಗ ಏಳು ವರ್ಷ. ದಂಡಿನ ಮಾರಮ್ಮನ ಜಾತ್ರೆಗೆ ಬಂದವಳು ನಮ್ಮ ಹಳ್ಳಿಯ ‘ಕುರುಕ್ಷೇತ್ರ’ ನಾಟಕವನ್ನು ಬೆಳಗಿನ ಜಾವದವರೆಗೆ ನನ್ನ ತೊಡೆಯ ಮೇಲೆ ಕೂತು ನೋಡಿದೆ. ಬೆಳಗಾಗಿ ಬಾವಿ ಹತ್ತಿರ ಹೋದರೆ ಕರ್ಣನ ಪಾರ್ಟಿನವನು ಎತ್ತಿಗೆ ನೀರು ಕುಡಿಸುತ್ತಿದ್ದ. ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿರಲಿಲ್ಲ. ‘ಕರ್ಣ ಸಾಯಲಿಲ್ವಾ ತಾತ?’ ಅಂದೆ. ಒಬ್ಬ ಮನುಷ್ಯನಲ್ಲಿ ಇಬ್ಬರನ್ನು ಕಂಡ ಆ ಕಣ್ಣೇ ಈ ಕಾದಂಬರಿಗೂ ಬೇಕಾದದ್ದು.

ಪಂಪ 941ರಲ್ಲಿ ಇದನ್ನೇ ಮಾಡಿದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಮೇಲೆ ಹೊದಿಸಿ ಇಡೀ ಭಾರತ ಹೇಳಿದ. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಕೊನೆಗೆ ಪಟ್ಟವನ್ನೂ ಅವನಿಗೇ ಕಟ್ಟಿದ. ಆದರೂ ಕವಿಯ ಜೀವ ಓಡಿದ್ದು ಕರ್ಣನ ಕಡೆಗೆ. ಹೊದಿಕೆ ಸರಿಯಾಗಿ ಕೂರದ ಕಡೆಯೇ ಕಾವ್ಯ ಉಕ್ಕಿತು.

1922ರಲ್ಲಿ ಜೇಮ್ಸ್ ಜಾಯ್ಸ್ ‘ಯೂಲಿಸಿಸ್’ ತಂದಾಗ ಜಗತ್ತು ಬೆರಗಾಯಿತು. ಹೋಮರನ ನಾಯಕ ಹತ್ತು ವರ್ಷ ಅಲೆದು ಮನೆ ಸೇರುತ್ತಾನೆ. ಜಾಯ್ಸನ ಬ್ಲೂಮ್, ಜಾಹೀರಾತು ಹಿಡಿದು ಬದುಕುವ ಸಾಮಾನ್ಯ, 1904ರ ಜೂನ್ 16ರ ಒಂದು ದಿನ ಡಬ್ಲಿನ್ ಬೀದಿಗಳಲ್ಲಿ ಅಲೆಯುತ್ತಾನೆ. ಅಲ್ಲಿ ಪೆನೆಲೊಪೆ ಗಂಡನಿಗಾಗಿ ಕಾದಳು, ಇಲ್ಲಿ ಬ್ಲೂಮನ ಹೆಂಡತಿ ಮಾಲಿ ಕಾಯಲಿಲ್ಲ. ಹಳೆಯ ಕತೆ ಕೈಬಿಟ್ಟ ಆ ಜಾಗದಲ್ಲೇ ವಾಕ್ಯಗಳೂ ಕಟ್ಟು ಬಿಚ್ಚಿಕೊಂಡವು. ಕೊನೆಯ ಅಧ್ಯಾಯದಲ್ಲಿ ಪೂರ್ಣವಿರಾಮ ಸಿಗುವುದೇ ಅಪರೂಪ.

ಈಗ ನಿನ್ನ ಪುಸ್ತಕಕ್ಕೆ ಬಾ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದದ್ದು, 1965ರಲ್ಲಿ ಬಂತು. ಪರಾಶರ ಹೊಳೆಯಲ್ಲಿ ಮತ್ಸ್ಯಗಂಧಿಯನ್ನು ಕೂಡಿದಾಗ ಮಂಜು ಕವಿದು ಮರೆಮಾಡಿತು, ವ್ಯಾಸ ಹುಟ್ಟಿದ, ಋಷಿ ಹಗುರಾಗಿ ನಡೆದುಹೋದ. ಪ್ರಾಣೇಶಾಚಾರ್ಯರು ನಾರಣಪ್ಪನ ಸಂಗಾತಿ ಚಂದ್ರಿಯನ್ನು ಕೂಡಿದಾಗ ಯಾವ ಮಂಜೂ ಇಳಿಯಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ, ಅಗ್ರಹಾರದಲ್ಲಿ ಸಂಸ್ಕಾರವಿಲ್ಲದೆ ಬಿದ್ದ ನಾರಣಪ್ಪನ ಹೆಣ, ಬೀದಿಯಲ್ಲಿ ಸಾಯುವ ಇಲಿಗಳು. ಊರಿಗೆಲ್ಲ ಪುರಾಣ ಹೇಳಿದವರಿಗೆ ಯಾವ ಪುರಾಣವೂ ಉತ್ತರ ಕೊಡಲಿಲ್ಲ, ಹೂ ಕೇಳಿದರೆ ಮಾರುತಿಯೂ ಕೊಡಲಿಲ್ಲ. ಊರು ಬಿಟ್ಟು ಹೊರಟ ಮೇಲೆ ಅವರ ಮನಸ್ಸಿನ ಮಾತೂ ಕತೆ ಹೇಳುವವರ ಮಾತೂ ಕಲಸಿಹೋಗುತ್ತವೆ. ಆಚಾರ್ಯರಿಗೇ ದಾರಿ ಕಾಣದ ಪುಟಗಳಲ್ಲಿ ನಿನಗೂ ತಪ್ಪಿತು ಎಂದರೆ ನೀನು ಸರಿಯಾಗಿಯೇ ಓದಿದ್ದೀಯ.

ನನ್ನದೊಂದು ಕೊರಗು ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೆಣಕ್ಕೆ ಬೆಂಕಿ ಕಾಣಿಸಿದ್ದು ಶಾಸ್ತ್ರ ಬಲ್ಲವರಲ್ಲ. ಚಂದ್ರಿ, ಗಾಡಿಯ ಸಾಬರ ನೆರವು ಪಡೆದು, ರಾತ್ರಿಯ ಕತ್ತಲೆಯಲ್ಲಿ. ಜಾಯ್ಸ್ ಕೊನೆಯ ಮಾತನ್ನು ಮಾಲಿಗೇ ಬಿಟ್ಟುಕೊಟ್ಟ. ಇಲ್ಲಿ ಆಚಾರ್ಯರ ಮನಸ್ಸಿಗೆ ಸಿಕ್ಕಷ್ಟು ಪುಟ ಚಂದ್ರಿಯ ಮನಸ್ಸಿಗೆ ಸಿಗಲಿಲ್ಲ. ಅವಳು ಮುಂದೇನು ಯೋಚಿಸಿದಳೋ ಎಂದು ಪ್ರತಿ ಸಲ ಓದಿದಾಗಲೂ ನನಗೆ ಅನ್ನಿಸುತ್ತದೆ.

ರಜಕ್ಕೆ ಬರುವಾಗ ಪುಸ್ತಕ ತಾ. ಜಗಲಿಯಲ್ಲಿ ಕೂತು ಮೂರನೆಯ ಭಾಗವನ್ನು ಗಟ್ಟಿಯಾಗಿ ಓದೋಣ. ಬೆನ್ನು ಬಿಡದೆ ಹರಟುವ ಪುಟ್ಟನ ಮಾತೆಲ್ಲ ನಿನ್ನದು, ಆಚಾರ್ಯರದು ನನ್ನದು. ಅಜ್ಜಿ ಕಡಲೆಕಾಯಿ ಹುರಿದಿಡುತ್ತಾಳಂತೆ.

ನಿನ್ನ
ತಾತ